ಇಜಕಾಯ ಅಡುಗೆ ಕ್ಲಾಸು, ಜೊತೆಗೆ ನಿಧಾನವಾಗಿ ಕುಡಿದ ಸಾಕೆ

ಜಪಾನಿಗೆ ಹೊರಟ ಗೆಳೆಯರು ಯಾರಾದರೂ ಅಲ್ಲಿ ಏನು ಮಾಡಬೇಕು ಅಂತ ಕೇಳಿದರೆ ನಾನು ಈಗ ಮೊದಲು ಹೇಳುವುದು ಒಂದೇ ಮಾತು. ಪ್ರವಾಸದ ಶುರುವಿನಲ್ಲೇ ಒಂದು ಇಜಕಾಯ ಅಡುಗೆ ಕ್ಲಾಸಿಗೆ ಸೇರಿಕೊಳ್ಳಿ, ಅದರಲ್ಲಿ ಸಾಕೆ, ಅಂದರೆ ಅಕ್ಕಿಯಿಂದ ಮಾಡುವ ಜಪಾನಿನ ಮದ್ಯ, ರುಚಿ ನೋಡುವುದೂ ಇರಲಿ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಲ್ಲಿ ಕಲಿತದ್ದು ಉಳಿದ ಎಲ್ಲ ಸಂಜೆಗಳಿಗೂ ಬೇಕಾಗುತ್ತದೆ.

ಇಜಕಾಯ ಅಂದರೆ ಅಲ್ಲಿನ ಜನ ಕೆಲಸ ಮುಗಿಸಿ ಹೋಗಿ ಕೂರುವ ಜಾಗ. ಕುಡಿಯುತ್ತಾರೆ, ತಿನ್ನುತ್ತಾರೆ, ಹರಟೆ ಹೊಡೆಯುತ್ತಾರೆ. ಎಷ್ಟೋ ಕಡೆ ಬಾಗಿಲ ಮುಂದೆ ಕೆಂಪು ಕಾಗದದ ಲಾಂದ್ರ ತೂಗುತ್ತಿರುತ್ತದೆ. ಎಡೋ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದವರೆಗೆ, ಸಾಕೆ ಮಾರುವ ಅಂಗಡಿಗಳು ಗಿರಾಕಿಗಳನ್ನು ಅಲ್ಲೇ ಕುಡಿಯಲು ಬಿಟ್ಟವು, ಆಮೇಲೆ ಜೊತೆಗೆ ತಿನ್ನಲು ಏನಾದರೂ ಕೊಡಲು ಶುರು ಮಾಡಿದವು, ಹಾಗೆ ಬೆಳೆದು ಬಂದದ್ದು ಇದು. ಈಗಿನ ಟೋಕಿಯೊದ ಕಾಂಡಾ ಭಾಗದಲ್ಲಿ 1596ರಲ್ಲಿ ಶುರುವಾದ ತೊಶಿಮಾಯ ಅನ್ನುವ ಅಂಗಡಿ, ಸಾಕೆಯ ಜೊತೆ ಮಿಸೊ (ಹುದುಗಿಸಿದ ಸೋಯಾ ಕಾಳಿನ ಪೇಸ್ಟ್) ಸವರಿ ಸುಟ್ಟ ತೋಫು ಕೊಟ್ಟು ಹೆಸರು ಮಾಡಿತ್ತು. ಅಂದರೆ ಮೊದಲು ಬಂದದ್ದು ಸಾಕೆ, ತಿಂಡಿ ಬಂದದ್ದು ಅದರ ಹಿಂದೆ. ಈ ಕ್ರಮ ತಲೆಯಲ್ಲಿ ಇಟ್ಟುಕೊಂಡರೆ ಇಜಕಾಯದ ಅರ್ಧ ನಡವಳಿಕೆ ತಾನೇ ಅರ್ಥವಾಗುತ್ತದೆ.

ಕ್ಲಾಸಿಗೆ ಮುಂಚೆ ಹೋದ ಕಡೆಯೆಲ್ಲ ನನಗೆ ಊಟ ಇಷ್ಟವಾಗಿತ್ತು, ಆದರೆ ಅದರ ಲೆಕ್ಕ ಗೊತ್ತಾಗಿರಲಿಲ್ಲ. ಕೂತ ತಕ್ಷಣ ಕೇಳದೆಯೇ ಒಂದು ಪುಟ್ಟ ಬಟ್ಟಲಿನಲ್ಲಿ ಏನೋ ಬರುತ್ತದೆ, ಬಿಲ್ಲಿನಲ್ಲಿ ಅದಕ್ಕೆ 300ರಿಂದ 500 ಯೆನ್ ಇರುತ್ತದೆ. ಅದನ್ನು ಒತೊಶಿ ಅನ್ನುತ್ತಾರೆ, ಕ್ಯೋಟೊ ಒಸಾಕಾ ಕಡೆ ತ್ಸುಕಿದಾಶಿ. ಕೂತ ಜಾಗಕ್ಕೆ ಕೊಡುವ ದುಡ್ಡು ಅಂತ ತಿಳಿದುಕೊಂಡರೆ ಸರಿ. ತಟ್ಟೆಗಳು ಒಟ್ಟಿಗೆ ಬರುವುದಿಲ್ಲ, ಒಂದೊಂದಾಗಿ ಬರುತ್ತವೆ, ಎಲ್ಲವೂ ಚಿಕ್ಕವು, ಎಲ್ಲವೂ ನಡುವೆ ಇಟ್ಟು ಹಂಚಿಕೊಳ್ಳಲು. ಅನ್ನ ಬೇಕು ಅಂದರೆ ಕೊನೆಗೆ. ಇದೆಲ್ಲ ಯಾಕೆ ಹೀಗೆ ಅನ್ನುವುದು ಹೊಳೆದದ್ದು ಕ್ಲಾಸಿನಲ್ಲಿ: ಇಜಕಾಯದ ಅಡುಗೆ ಇರುವುದೇ ಕುಡಿಯುವುದನ್ನು ನಿಧಾನ ಮಾಡಲು. ಒಂದು ತುತ್ತು, ಒಂದು ಗುಟುಕು, ಸ್ವಲ್ಪ ಮಾತು, ಅಷ್ಟರಲ್ಲಿ ಇನ್ನೊಂದು ತಟ್ಟೆ.

ಕ್ಲಾಸು ನಡೆದದ್ದು ಕ್ಯೋಟೊದ ಒಂದು ಹಳೆಯ ಮರದ ಮನೆಯಲ್ಲಿ. ಬೀದಿಯ ಕಡೆ ಕಿರಿದು, ಒಳಗೆ ಉದ್ದಕ್ಕೆ ಹೋಗುತ್ತಲೇ ಇರುವಂಥ, ಅಲ್ಲಿ ಮಾಚಿಯಾ ಅನ್ನುವ ಮನೆ. ಟೀಚರ್ ಹಿಂದೆ ಗಂಡನ ಜೊತೆ ಒಂದು ಪುಟ್ಟ ಇಜಕಾಯ ನಡೆಸಿದವರು. ಈಗ ಮನೆಯಲ್ಲೇ ಕಲಿಸುತ್ತಾರೆ. ನನ್ನ ಜೊತೆ ಅಕ್ಕ ಬಂದಿದ್ದಳು. ಅವಳು ಸಸ್ಯಾಹಾರಿ, ಕುಡಿಯುವುದೂ ಇಲ್ಲ. "ಅಲ್ಲಿ ಬಂದು ನಾನೇನು ಮಾಡ್ಲಿ, ನೀನೇ ಹೋಗ್ಬಾ" ಅಂದಿದ್ದಳು. ಮೀನು, ಮಾಂಸ, ಮದ್ಯ ಯಾವುದೂ ಬೇಡದ ಒಬ್ಬರು ಇರುತ್ತಾರೆ ಅಂತ ನಾವು ಮೊದಲೇ ಬರೆದು ತಿಳಿಸಿದ್ದೆವು, ಟೀಚರ್ "ಬನ್ನಿ, ಅವರಿಗೂ ಅಷ್ಟೇ ಕೆಲಸ ಇರುತ್ತೆ" ಅಂತ ಉತ್ತರ ಬರೆದಿದ್ದರು. ಆ ಮಾತನ್ನು ಅವರು ಉಳಿಸಿಕೊಂಡ ರೀತಿ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಒಲೆ ಹಚ್ಚುವ ಮೊದಲು ಅವರು ಎಲ್ಲರ ಮುಂದೆ ಒಂದೊಂದು ದೊಡ್ಡ ಲೋಟ ನೀರು ಇಟ್ಟರು. ಸಾಕೆ ಎಷ್ಟು ಕುಡಿಯುತ್ತೀರೋ ಅಷ್ಟಾದರೂ ನೀರು ಕುಡಿಯಬೇಕು, ಇದು ನನ್ನ ಮನೆಯ ನಿಯಮ ಅಂದರು. ಸಾಕೆಯ ಜೊತೆ ಕುಡಿಯುವ ಈ ನೀರಿಗೆ ಅಲ್ಲಿ ಯಾವರಾಗಿ-ಮಿಝು ಅಂತಲೇ ಹೆಸರಿದೆ, ಒಳ್ಳೆಯ ಅಂಗಡಿಗಳಲ್ಲಿ ಕೇಳಿದರೆ ತಂದಿಡುತ್ತಾರೆ. ಸಾಕೆಯಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 15-16 ಇರುತ್ತದೆ. ಬಿಯರಿನ ಮೂರು ಪಟ್ಟು. ಆದರೆ ಬಾಯಿಗೆ ಅದು ಮೃದುವಾಗಿ ಇಳಿಯುವುದರಿಂದ ಎಷ್ಟು ಕುಡಿದೆವು ಅಂತ ಗೊತ್ತೇ ಆಗುವುದಿಲ್ಲ.

ಆಮೇಲೆ ದಾಶಿ, ಅಂದರೆ ಜಪಾನಿ ಅಡುಗೆಗೆ ಬಳಸುವ ತಿಳಿಯಾದ ರಸ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಉಳಿದ ಎಲ್ಲ ಅಡುಗೆ ನಿಂತಿರುವುದು ಇದರ ಮೇಲೆ. ಕೋಂಬು ಅಂದರೆ ಒಣಗಿಸಿದ ಕಡಲಪಾಚಿ, ಅಗಲವಾದ ಪಟ್ಟಿ, ಹೆಚ್ಚಿನದು ಹೊಕ್ಕೈಡೊದಿಂದ ಬರುತ್ತದೆ. ಅದರ ಮೇಲೆ ಬಿಳಿ ಪುಡಿ ಕೂತಿರುತ್ತದೆ. ತೊಳೆಯಬಾರದು, ರುಚಿ ಇರುವುದೇ ಅದರಲ್ಲಿ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ಟೀಚರ್ ಒಂದು ಲೀಟರ್ ನೀರಿಗೆ ಹತ್ತು ಗ್ರಾಂನಷ್ಟು ಕೋಂಬು ಹಾಕಿ ಮೊದಲೇ ನೆನೆಸಿಟ್ಟಿದ್ದರು. ಸಣ್ಣ ಉರಿಯಲ್ಲಿ ಇಟ್ಟು, ಪಾತ್ರೆಯ ತಳದಿಂದ ಚಿಕ್ಕ ಗುಳ್ಳೆಗಳು ಏಳಲು ಶುರುವಾದ ಕೂಡಲೇ, ಕುದಿ ಬರುವ ಮುಂಚೆ, ಕೋಂಬು ತೆಗೆದುಬಿಟ್ಟರು. ಕುದಿಸಿದರೆ ಲೋಳೆ ಬಿಡುತ್ತದೆ, ಕಡಲ ವಾಸನೆ ಜಾಸ್ತಿಯಾಗುತ್ತದೆ. ಆಮೇಲೆ ಒಂದು ಕುದಿ ಬರಿಸಿ, ಉರಿ ಆರಿಸಿ, ಕಾತ್ಸುವೊಬುಶಿಯನ್ನು ಮೇಲಿಂದ ಎರಡು ಕೈಯಲ್ಲಿ ಉದುರಿಸಿದರು. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿ, ಕಾಗದದಷ್ಟು ತೆಳ್ಳಗೆ ಹೆರೆದದ್ದು ಅದು. ಹೆರೆದ ಚೂರುಗಳು ನೀರಿನ ಮೇಲೆ ತೇಲಿ, ನೆನೆದು, ತಾವಾಗಿ ಕೆಳಗೆ ಇಳಿಯುವವರೆಗೆ ಕಾಯಬೇಕು. ಚಮಚ ಹಾಕಿ ಕಲಕುವ ಹಾಗಿಲ್ಲ. ಸೋಸುವಾಗ ಬಟ್ಟೆಯನ್ನು ಹಿಂಡುವ ಹಾಗೂ ಇಲ್ಲ, ಹಿಂಡಿದರೆ ದಾಶಿ ಕದಡಿ ಒಗರು ಬರುತ್ತದೆ.

ಅಕ್ಕನಿಗಾಗಿ ಇನ್ನೊಂದು ಪಾತ್ರೆ. ಅದರಲ್ಲಿ ಕೋಂಬು ಮತ್ತು ಒಣಗಿದ ಶಿಟಾಕೆ ಅಣಬೆ, ಎರಡನ್ನೂ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು. ಬೌದ್ಧ ಮಠಗಳಲ್ಲಿ ಮಾಡುವ ಶೋಜಿನ್ ಅಡುಗೆಯಲ್ಲಿ ಹೀಗೆಯೇ ಮೀನಿಲ್ಲದ ದಾಶಿ ಮಾಡುತ್ತಾರೆ. ಎರಡೂ ದಾಶಿಯನ್ನು ಪುಟ್ಟ ಬಟ್ಟಲುಗಳಲ್ಲಿ ಕೊಟ್ಟು, ಉಪ್ಪು ಹಾಕದೆ ಕುಡಿಯಲು ಹೇಳಿದರು. ನೋಡಲು ನಮ್ಮ ತಿಳಿಸಾರಿಗಿಂತಲೂ ತೆಳು, ಬಣ್ಣ ಅಂತೂ ಇಲ್ಲವೇ ಇಲ್ಲ ಅನ್ನಬೇಕು. ಬಾಯಿಗೆ ಹಾಕಿದ ಮೇಲೆ ಮೊದಲು ಏನೂ ಅನಿಸುವುದಿಲ್ಲ. ನುಂಗಿದ ಮೇಲೆ ನಾಲಿಗೆಯ ಹಿಂದೆ, ಗಂಟಲ ಹತ್ತಿರ, ಒಂದು ತುಂಬಿದ ರುಚಿ ಉಳಿದುಕೊಳ್ಳುತ್ತದೆ, ಸುಮಾರು ಹೊತ್ತು ಉಳಿಯುತ್ತದೆ. 1908ರಲ್ಲಿ ಟೋಕಿಯೊದ ಪ್ರೊಫೆಸರ್ ಕಿಕುನಾಯೆ ಇಕೆದಾ ಈ ಕೋಂಬು ದಾಶಿಯಿಂದಲೇ ಗ್ಲುಟಮೇಟ್ ಅನ್ನುವ ಅಂಶ ಬೇರ್ಪಡಿಸಿ ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ ಕಾತ್ಸುವೊಬುಶಿಯಲ್ಲಿ ಅದೇ ರುಚಿ ಕೊಡುವ ಇನೊಸಿನೇಟ್ ಇದೆ ಅಂತ ತೋರಿಸಿದರು. ಶಿಟಾಕೆಯಲ್ಲಿ ಇರುವುದು ಗ್ವಾನಿಲೇಟ್. ಗ್ಲುಟಮೇಟ್ ಜೊತೆ ಇವುಗಳಲ್ಲಿ ಯಾವುದಾದರೂ ಒಂದು ಸೇರಿದರೆ ರುಚಿ ಕೂಡಿಕೊಳ್ಳುವುದಷ್ಟೇ ಅಲ್ಲ, ಹಲವು ಪಟ್ಟು ಏರುತ್ತದೆ. ಒಂದು ಪಾಚಿ, ಒಂದು ಮೀನು ಅಥವಾ ಒಂದು ಅಣಬೆ, ಈ ಜೋಡಿ ಸುಮ್ನೆ ಬಂದದ್ದಲ್ಲ ಅಂತ ಆಗ ತಿಳಿಯಿತು. ಅಕ್ಕ ತನ್ನ ಬಟ್ಟಲು ಮುಗಿಸಿ ನನ್ನ ಕಡೆ ನೋಡಿ "ಇದಕ್ಕೆ ನಿಜವಾಗ್ಲೂ ಏನೂ ಹಾಕಿಲ್ವಾ?" ಅಂದಳು. ಇನ್ನೊಂದು ಸಲ ಹಾಕಿಸಿಕೊಂಡಳು.

ಮೊದಲ ತಟ್ಟೆ ಪಾಲಕ್ ಗೋಮಾ-ಆಯೆ. ಬೇಯಿಸಿ, ತಣ್ಣೀರಿಗೆ ಹಾಕಿ, ಚೆನ್ನಾಗಿ ಹಿಂಡಿದ ಪಾಲಕ್ ಸೊಪ್ಪಿಗೆ ಹುರಿದ ಎಳ್ಳಿನ ಪುಡಿ, ಸೋಯಾ ಸಾಸ್, ಚೂರು ಸಕ್ಕರೆ. ಎಳ್ಳು ಅರೆಯುವ ಬಟ್ಟಲಿನ ಒಳಗೆಲ್ಲ ಬಾಚಣಿಗೆ ಎಳೆದ ಹಾಗೆ ಗೆರೆಗಳಿರುತ್ತವೆ, ಮರದ ಕೋಲನ್ನು ಸುತ್ತ ತಿರುಗಿಸುತ್ತ ಹೋದರೆ ಎಳ್ಳು ಆ ಗೆರೆಗಳಲ್ಲಿ ಸಿಕ್ಕಿ ಒಡೆಯುತ್ತದೆ. ಪೂರ್ತಿ ನುಣ್ಣಗೆ ಮಾಡಬಾರದು, ಅರ್ಧಂಬರ್ಧ ಇದ್ದರೇ ಚೆಂದ.

ಇದರ ಜೊತೆ ಬಂದದ್ದು ತಣ್ಣಗಿನ ದಾಯ್‌ಗಿಂಜೊ ಸಾಕೆ. ಸಾಕೆಯ ಶೀಶೆ ಮೇಲಿನ ಹೆಸರುಗಳು ಮೊದಲು ಗಾಬರಿ ಹುಟ್ಟಿಸುತ್ತವೆ, ಟೀಚರ್ ಅದನ್ನು ಅಕ್ಕಿಯಿಂದಲೇ ಹೇಳಿಕೊಟ್ಟರು. ಒಂದು ಹಲಗೆ ಮೇಲೆ ಸಾಲಾಗಿ ಪುಟ್ಟ ಗಾಜಿನ ಶೀಶೆಗಳು. ಮೊದಲನೆಯದರಲ್ಲಿ ಕಂದು ಅಕ್ಕಿ, ನಂತರ ಪಾಲಿಶ್ ಮಾಡಿ ನೂರಕ್ಕೆ 70 ಭಾಗ ಉಳಿಸಿದ್ದು, 60 ಉಳಿಸಿದ್ದು, 50 ಉಳಿಸಿದ್ದು. ಕೊನೆಯ ಶೀಶೆಯ ಅಕ್ಕಿ ಉದ್ದಕ್ಕಿರಲಿಲ್ಲ. ದುಂಡಗೆ, ಹಾಲುಬಿಳಿ, ಸಣ್ಣ ಮುತ್ತಿನ ಹಾಗೆ, ಅಲ್ಲಾಡಿಸಿದರೆ ಗಾಜಿಗೆ ತಗುಲಿ ಬೇರೆಯದೇ ಸಣ್ಣ ಸದ್ದು. ಅಕ್ಕಿಯ ಹೊರಪದರದಲ್ಲಿ ಪ್ರೋಟೀನ್ ಮತ್ತು ಕೊಬ್ಬು ಇರುತ್ತವೆ, ಅವು ಸಾಕೆಗೆ ಒರಟು ರುಚಿ ಕೊಡುತ್ತವೆ. ಅದನ್ನು ತೆಗೆದಷ್ಟೂ ಹಣ್ಣಿನಂಥ, ಹೂವಿನಂಥ ಪರಿಮಳಕ್ಕೆ ಜಾಗ ಸಿಗುತ್ತದೆ. 60 ಅಥವಾ ಅದಕ್ಕಿಂತ ಕಡಿಮೆ ಉಳಿಸಿದರೆ ಗಿಂಜೊ, 50 ಅಥವಾ ಕಡಿಮೆ ಉಳಿಸಿದರೆ ದಾಯ್‌ಗಿಂಜೊ. ಹೆಸರಿನ ಮುಂದೆ ಜುನ್ಮಾಯ್ ಅಂತ ಇದ್ದರೆ ಅಕ್ಕಿ, ನೀರು, ಕೋಜಿ (ಬೂಷ್ಟು ಬೆಳೆಸಿದ ಅಕ್ಕಿ, ಅದರ ಮಾತು ಮುಂದೆ), ಯೀಸ್ಟ್ ಇಷ್ಟರಿಂದಲೇ ಮಾಡಿದ್ದು, ಹೊರಗಿನಿಂದ ಆಲ್ಕೋಹಾಲ್ ಬೆರೆಸಿಲ್ಲ ಅಂತ ಅರ್ಥ. ಇಷ್ಟು ಗೊತ್ತಿದ್ದರೆ ಮೆನು ಓದಬಹುದು.

ಜಾಸ್ತಿ ಪಾಲಿಶ್ ಆದದ್ದೇ ಒಳ್ಳೆಯ ಸಾಕೆ ಅಂತ ತುಂಬ ಜನ ನಂಬಿದ್ದಾರೆ, ಬೆಲೆಯೂ ಹಾಗೆಯೇ ಇರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ದಾಯ್‌ಗಿಂಜೊ ಮೊದಲ ಗುಟುಕಿಗೆ ತುಂಬ ಚೆನ್ನ, ಪೇರಳೆ ಹಣ್ಣಿನಂಥ ವಾಸನೆ. ಆದರೆ ಎಳ್ಳಿನ ಪಾಲಕ್ ತಿಂದ ಮೇಲೆ ಅದು ಎಲ್ಲೋ ಮಾಯವಾಗಿಬಿಟ್ಟಿತು. ಇಜಕಾಯದ ಮೇಜಿಗೆ ಹೊಂದುವುದು ಇನ್ನೂ ಸ್ವಲ್ಪ ಅಕ್ಕಿಯ ಗಟ್ಟಿತನ ಉಳಿಸಿಕೊಂಡ ಸಾಕೆ. ಟೀಚರ್ ಕೂಡ "ಇದನ್ನು ಊಟಕ್ಕೆ ಮುಂಚೆ ಕುಡಿಯಿರಿ, ಆಮೇಲೆ ಎತ್ತಿಟ್ಟುಬಿಡಿ" ಅಂದರು.

ರುಚಿ ನೋಡಲು ಕೊಟ್ಟ ಬಿಳಿ ಪಿಂಗಾಣಿ ಕಪ್ಪಿನ ತಳದಲ್ಲಿ ಕಡು ನೀಲಿಯ ಎರಡು ಉಂಗುರಗಳಿದ್ದವು. ಅದು ಅಲಂಕಾರಕ್ಕಲ್ಲ. ಸಾಕೆ ಎಷ್ಟು ತಿಳಿಯಾಗಿದೆ ಅನ್ನುವುದು ನೀಲಿಯ ಅಂಚಿನಲ್ಲಿ ಕಾಣುತ್ತದೆ, ಬಣ್ಣ ಏನು ಅನ್ನುವುದು ಬಿಳಿಯ ಮೇಲೆ ಕಾಣುತ್ತದೆ. ಬಗ್ಗಿ ನೋಡಿದರೆ ನೀರಿನ ಬಣ್ಣ ಅಂದುಕೊಂಡ ಸಾಕೆಯಲ್ಲಿ ತುಸು ಹಳದಿ, ತುಸು ಹಸಿರು ಛಾಯೆ ಇರುವುದು ಗೊತ್ತಾಗುತ್ತದೆ. ಸಾಕೆ ತಯಾರಿಸುವವರೂ ಇಂಥದೇ ಕಪ್ಪು ಬಳಸುತ್ತಾರೆ.

ಎರಡನೆಯದು ದಾಶಿಮಾಕಿ ತಮಾಗೊ, ದಾಶಿ ಬೆರೆಸಿದ ಮೊಟ್ಟೆಯ ಸುರುಳಿ. ಟೋಕಿಯೊ ಕಡೆ ಇದನ್ನು ಸಿಹಿಯಾಗಿ ಮಾಡುತ್ತಾರೆ, ಅಲ್ಲಿನ ಬಾಣಲೆ ಚೌಕ. ಕ್ಯೋಟೊದಲ್ಲಿ ಸಕ್ಕರೆ ಇಲ್ಲ, ದಾಶಿ ಜಾಸ್ತಿ, ಬಾಣಲೆ ಉದ್ದ. ಮೂರು ಮೊಟ್ಟೆಗೆ 90 ಮಿಲಿ ದಾಶಿ ಹಾಕಿದೆವು, ಜೊತೆಗೆ ತಿಳಿ ಬಣ್ಣದ ಉಸುಕುಚಿ ಸೋಯಾ ಸಾಸ್ ಚೂರು. ಈ ಸಾಸಿನ ಬಣ್ಣ ತಿಳಿ, ಉಪ್ಪು ಮಾತ್ರ ಮಾಮೂಲಿ ಸೋಯಾ ಸಾಸಿಗಿಂತ ಹೆಚ್ಚು. ಕ್ಯೋಟೊದವರಿಗೆ ತರಕಾರಿಯ, ಮೊಟ್ಟೆಯ ಬಣ್ಣ ಹಾಗೇ ಉಳಿಯಬೇಕು, ಅದಕ್ಕೆ ಇದು. ಮೊಟ್ಟೆಯನ್ನು ನೊರೆ ಬರುವ ಹಾಗೆ ಬೀಟ್ ಮಾಡಬಾರದು, ಚಾಪ್‌ಸ್ಟಿಕ್ಕಿನ ತುದಿ ಪಾತ್ರೆಯ ತಳಕ್ಕೆ ತಾಗಿಸಿಕೊಂಡೇ ಅತ್ತಿಂದಿತ್ತ ಎಳೆದು ಬಿಳಿಭಾಗವನ್ನು ಕತ್ತರಿಸಬೇಕು.

ಆಮೇಲೆ ಕೈಯ ಕೆಲಸ. ಎಣ್ಣೆಯಲ್ಲಿ ಅದ್ದಿದ ಮಡಿಚಿದ ಕಾಗದದಿಂದ ಬಾಣಲೆ ಒರೆಸಿ, ಮೊಟ್ಟೆಯ ಒಂದು ಹನಿ ಬಿಟ್ಟು ನೋಡಬೇಕು. ಚುರ್ ಅಂತ ಸದ್ದು ಬಂದರೆ ತೆಳ್ಳಗೆ ಒಂದು ಪದರ ಹೊಯ್ಯಬೇಕು. ಎದ್ದ ಗುಳ್ಳೆಗಳನ್ನು ಚಾಪ್‌ಸ್ಟಿಕ್ಕಿನಿಂದ ಚುಚ್ಚಬೇಕು. ಮೇಲ್ಭಾಗ ಇನ್ನೂ ಒದ್ದೆಯಾಗಿರುವಾಗಲೇ ಸುತ್ತಿ ಒಂದು ಬದಿಗೆ ತಳ್ಳಿ, ಮತ್ತೆ ಎಣ್ಣೆ, ಮತ್ತೆ ಪದರ. ಈ ಸಲ ಸುರುಳಿಯನ್ನು ತುಸು ಎತ್ತಿ ಹಸಿ ಮೊಟ್ಟೆ ಅದರ ಕೆಳಗೂ ಹರಿಯುವ ಹಾಗೆ ಬಾಣಲೆ ಓರೆ ಮಾಡಬೇಕು. ದಾಶಿ ಇಷ್ಟು ಇರುವುದರಿಂದ ಸುರುಳಿ ಗಡಗಡ ನಡುಗುತ್ತದೆ. ಟೀಚರ್ ನನ್ನ ಮಣಿಕಟ್ಟು ಹಿಡಿದು ಒಂದು ಸಲ ತೋರಿಸಿದರು, ಬೆರಳು ಏನೂ ಮಾಡುವ ಹಾಗಿಲ್ಲ, ತಿರುಗುವುದೆಲ್ಲ ಮಣಿಕಟ್ಟಿನಿಂದ. ಬಿದಿರಿನ ಚಾಪೆಯಲ್ಲಿ ಒಂದು ನಿಮಿಷ ಸುತ್ತಿಟ್ಟು ಕತ್ತರಿಸಿದಾಗ ಪದರಗಳ ನಡುವಿನಿಂದ ದಾಶಿ ಜಿನುಗಿ ಹಲಗೆಯ ಮೇಲೆ ಹರಿಯಿತು. ಅಷ್ಟು ನೀರಿನಂಶ ಆ ಮೊಟ್ಟೆಯೊಳಗೆ ನಿಂತಿತ್ತು ಅಂದರೆ ನಂಬುವುದು ಕಷ್ಟ.

ಇದರ ಜೊತೆ ಫುಶಿಮಿಯ ಒಂದು ಜುನ್ಮಾಯ್, ಪಕ್ಕದಲ್ಲೇ ಹೋಲಿಸಲು ನಾಡಾದ ಇನ್ನೊಂದು. ಫುಶಿಮಿ ಕ್ಯೋಟೊದ ದಕ್ಷಿಣ ತುದಿ, ನಾಡಾ ಇರುವುದು ಕೋಬೆ ಕಡೆ, ಎರಡೂ ಸಾಕೆಗೆ ಹೆಸರಾದ ಜಾಗಗಳು. ನಾಡಾದ ಮಿಯಾಮಿಝು ಬಾವಿ ನೀರು ಗಡಸು, ಖನಿಜ ಜಾಸ್ತಿ, ಅದರಲ್ಲಿ ಯೀಸ್ಟ್ ಚುರುಕಾಗಿ ಕೆಲಸ ಮಾಡಿ ಖಡಕ್ಕಾದ, ಸಿಹಿ ಕಡಿಮೆ ಇರುವ ಸಾಕೆ ಕೊಡುತ್ತದೆ. ಫುಶಿಮಿಯ ನೀರು ಅದಕ್ಕಿಂತ ಮೃದು, ಹುದುಗುವುದು ನಿಧಾನ, ರುಚಿ ದುಂಡಗೆ. ಪಕ್ಕ ಪಕ್ಕ ಇಟ್ಟು ಕುಡಿದರೆ ಈ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಮೊಟ್ಟೆಯ ಜೊತೆ ಫುಶಿಮಿಯದೇ ಸೈ. ದಾಶಿಯ ರುಚಿ ಎಲ್ಲಿ ಮುಗಿದು ಸಾಕೆಯ ರುಚಿ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯಲು ಆಗಲಿಲ್ಲ. ಅದಕ್ಕೂ ಕಾರಣವಿದೆ, ಸಾಕೆಯಲ್ಲೂ ಗ್ಲುಟಮಿಕ್ ಆಮ್ಲದಂಥ ಅಮಿನೊ ಆಮ್ಲಗಳು ವೈನಿಗಿಂತ ಜಾಸ್ತಿ ಇರುತ್ತವೆ. ಪಾತ್ರೆಯಲ್ಲಿದ್ದ ರುಚಿಯೇ ಕಪ್ಪಿನಲ್ಲೂ ಇತ್ತು.

(ಫುಶಿಮಿಗೆ ಹೋಗುವವರು ಗೊಕೊನೊಮಿಯ ದೇವಸ್ಥಾನಕ್ಕೂ ಹೋಗಿ. ಅಲ್ಲಿನ ಊಟೆ ನೀರನ್ನು 1985ರಲ್ಲಿ ಜಪಾನಿನ ನೂರು ಒಳ್ಳೆಯ ನೀರುಗಳ ಪಟ್ಟಿಗೆ ಸೇರಿಸಿದ್ದಾರೆ, ಊರಿನ ಜನ ಕ್ಯಾನು ತಂದು ತುಂಬಿಸಿಕೊಂಡು ಹೋಗುತ್ತಾರೆ. ಹತ್ತಿರದಲ್ಲೇ 1637ರಲ್ಲಿ ಶುರುವಾದ ಗೆಕ್ಕೆಕಾನ್ ಕಂಪನಿಯ ಸಾಕೆ ಮ್ಯೂಸಿಯಂ ಇದೆ.)

ಕೋಜಿಯ ವಿಷಯಕ್ಕೆ ಬರುತ್ತೇನೆ, ಅಕ್ಕನಿಗೆ ಅತಿ ಹೆಚ್ಚು ಹಿಡಿಸಿದ್ದು ಇದು. ಬೇಯಿಸಿದ ಅಕ್ಕಿಯ ಮೇಲೆ ಆಸ್ಪರ್ಜಿಲಸ್ ಒರೈಝೆ ಅನ್ನುವ ಬೂಷ್ಟಿನ ಪುಡಿ ಚೆಲ್ಲಿ, ಬೆಚ್ಚಗಿನ ಕೋಣೆಯಲ್ಲಿ ಎರಡು ದಿನ ನೋಡಿಕೊಂಡರೆ ಕಾಳುಕಾಳಿನ ಮೇಲೂ ಬಿಳಿ ತುಪ್ಪಳ ಬೆಳೆಯುತ್ತದೆ. ಅದೇ ಕೋಜಿ. ಟೀಚರ್ ಒಂದು ಹಿಡಿ ಕೊಟ್ಟರು, ಮೂಸಿದರೆ ಸುಟ್ಟ ಚೆಸ್ಟ್‌ನಟ್ ವಾಸನೆ, ಅಗಿದರೆ ಮೆಲ್ಲಗೆ ಸಿಹಿ. ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುವುದು ಇದರ ಕೆಲಸ, ಸಕ್ಕರೆಯನ್ನು ಆಲ್ಕೋಹಾಲ್ ಮಾಡುವುದು ಯೀಸ್ಟಿನ ಕೆಲಸ. ಬಿಯರಿನಲ್ಲಿ ಇವೆರಡೂ ಒಂದಾದ ಮೇಲೊಂದು ನಡೆಯುತ್ತವೆ. ಸಾಕೆಯಲ್ಲಿ ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ನಡೆಯುತ್ತವೆ, ಕೋಜಿ ಇಷ್ಟಿಷ್ಟೇ ಸಕ್ಕರೆ ಕೊಡುತ್ತ ಹೋಗುತ್ತದೆ, ಯೀಸ್ಟ್ ಇಷ್ಟಿಷ್ಟೇ ತಿನ್ನುತ್ತ ಹೋಗುತ್ತದೆ, ಅಕ್ಕಿಯನ್ನೂ ಒಮ್ಮೆಗೇ ಸುರಿಯದೆ ನಾಲ್ಕು ದಿನದಲ್ಲಿ ಮೂರು ಕಂತಾಗಿ ಹಾಕುತ್ತಾರೆ, ಹೀಗೆ ಮೂರು ನಾಲ್ಕು ವಾರ ತಣ್ಣಗೆ ಹುದುಗಿದ ಮೇಲೆ ಆಲ್ಕೋಹಾಲ್ ಶೇಕಡಾ 20ರ ಹತ್ತಿರ ಮುಟ್ಟುತ್ತದೆ, ಆಮೇಲೆ ನೀರು ಬೆರೆಸಿ ಇಳಿಸುತ್ತಾರೆ. ಕೋಜಿ ಬಳಸಿ ಸಾಕೆ ಮಾಡುವ ಈ ವಿದ್ಯೆಯನ್ನು ಯುನೆಸ್ಕೊ 2024ರ ಡಿಸೆಂಬರಿನಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಬೇಕಾದದ್ದೇ.

ಯೀಸ್ಟ್ ಇಲ್ಲದೆ ಬರೀ ಕೋಜಿ, ಅನ್ನ, ನೀರು ಬೆರೆಸಿ, 55-60 ಡಿಗ್ರಿಯಲ್ಲಿ ಕೆಲವು ಗಂಟೆ ಬೆಚ್ಚಗೆ ಇಟ್ಟರೆ ಅಮಾಝಾಕೆ ಆಗುತ್ತದೆ. ಆಲ್ಕೋಹಾಲ್ ಇಲ್ಲ. ನಾವು ಸಾಕೆ ಕುಡಿಯುವಾಗಲೆಲ್ಲ ಅಕ್ಕನಿಗೆ ಅದೇ ತರಹದ ಕಪ್ಪಿನಲ್ಲಿ ಇದನ್ನು ಕೊಟ್ಟರು, ಒಮ್ಮೆ ತಣ್ಣಗೆ, ಒಮ್ಮೆ ಶುಂಠಿ ತುರಿದು ಬಿಸಿಯಾಗಿ. "ಸಕ್ಕರೆ ಹಾಕದೆ ಇಷ್ಟು ಸಿಹಿ ಹೇಗೆ ಬರುತ್ತೆ" ಅಂತ ಕೇಳಿ, ಅಳತೆ, ಉಷ್ಣತೆ, ಹೊತ್ತು ಎಲ್ಲ ಫೋನಿನಲ್ಲಿ ಬರೆದುಕೊಂಡಳು. ಒಂದು ಮಾತು ನೆನಪಿಡಿ, ಸಾಕೆ ಹಿಂಡಿದ ಗಸಿಯಿಂದ ಮಾಡುವ ಇನ್ನೊಂದು ಅಮಾಝಾಕೆ ಇದೆ, ಅದರಲ್ಲಿ ಸ್ವಲ್ಪ ಆಲ್ಕೋಹಾಲ್ ಇರಬಹುದು. ಬೇಡದವರು ಕೋಜಿಯದೇ ಅಂತ ಕೇಳಿ ಕುಡಿಯಿರಿ.

ಆದರೆ ಇಡೀ ಕ್ಲಾಸಿನಲ್ಲಿ ನನಗೆ ಮುಖ್ಯ ಅನಿಸಿದ್ದು ಮೂರನೆಯ ಸುತ್ತು. ತಟ್ಟೆ ಅಗೆದಾಶಿ ತೋಫು. ನೀರು ಬಸಿದ ಮೆತ್ತನೆಯ ತೋಫುವಿಗೆ ಆಲೂಗಡ್ಡೆಯ ಪಿಷ್ಟ ಸವರಿ, ಎಣ್ಣೆಯಲ್ಲಿ ಕರಿದು, ಮೇಲೆ ಬಿಸಿ ದಾಶಿ ಹೊಯ್ಯುವುದು. ದಾಶಿ ಆರು ಪಾಲು, ಮಿರಿನ್ ಒಂದು, ಸೋಯಾ ಸಾಸ್ ಒಂದು. ಮಿರಿನ್ ಅಂದರೆ ಅಡುಗೆಗೆ ಬಳಸುವ ಸಿಹಿಯಾದ ಅಕ್ಕಿ ಮದ್ಯ, ಅದೂ ಆಲ್ಕೋಹಾಲ್ ಇರುವ ಪದಾರ್ಥವೇ, ಅಕ್ಕನ ಪಾತ್ರೆಗೆ ಅದರ ಬದಲು ಅಮಾಝಾಕೆ ಹಾಕಿದರು. ಮೇಲೆ ತುರಿದ ಬಿಳಿ ಮೂಲಂಗಿ, ಶುಂಠಿ, ಈರುಳ್ಳಿ ಸೊಪ್ಪು. ಗರಿಗರಿಯಾಗಿದ್ದ ಹೊರಪದರ ದಾಶಿ ಕುಡಿದು ಅರ್ಧ ಮೆತ್ತಗಾಗುತ್ತದೆ, ಅರ್ಧ ಗರಿಗರಿ ಉಳಿಯುತ್ತದೆ, ತಿನ್ನಬೇಕಾದದ್ದು ಆ ಎರಡು ನಿಮಿಷದಲ್ಲಿ.

ಟೀಚರ್ ಒಂದೇ ಶೀಶೆಯ ಜುನ್ಮಾಯ್ ತೆಗೆದುಕೊಂಡರು. ಸ್ವಲ್ಪ ಫ್ರಿಜ್ಜಿನ ತಂಪಿನಲ್ಲಿ, ಸ್ವಲ್ಪ ಕೋಣೆಯ ಉಷ್ಣತೆಯಲ್ಲಿ, ಉಳಿದದ್ದು ತೊಕ್ಕುರಿ ಅನ್ನುವ ಕಿರುಕತ್ತಿನ ಹೂಜಿಯಲ್ಲಿ. ನೀರು ಕುದಿಸಿ, ಉರಿ ಆರಿಸಿ, ಅದರಲ್ಲಿ ತೊಕ್ಕುರಿಯನ್ನು ಭುಜದವರೆಗೆ ಮುಳುಗಿಸಿ ಇಟ್ಟರು. ಥರ್ಮಾಮೀಟರ್ ಇತ್ತು, ಆದರೆ ಅವರು ತೊಕ್ಕುರಿಯ ತಳವನ್ನು ನಡುಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಬೆರಳಿಗೆ ಬೆಚ್ಚಗೆ ಅನಿಸಿದರೆ ನುರುಕಾನ್, ಸುಮಾರು 40 ಡಿಗ್ರಿ. ಬೆರಳು ತಾನಾಗಿ ಹಿಂದಕ್ಕೆ ಬಂದರೆ ಅತ್ಸುಕಾನ್, 50ರ ಹತ್ತಿರ. ಸಾಕೆಗೆ 5 ಡಿಗ್ರಿಯಿಂದ 55ರವರೆಗೆ ಪ್ರತಿ ಮೆಟ್ಟಿಲಿಗೂ ಒಂದು ಹೆಸರಿದೆ. 5 ಡಿಗ್ರಿಯದು ಹಿಮದ ತಂಪು, 10ರದು ಹೂವಿನ ತಂಪು, 30ರದು ಬಿಸಿಲಿನ ಬಿಸುಪು, 35ರದು ಮನುಷ್ಯರ ಮೈಯ ಬಿಸುಪು.

ಅದೇ ಶೀಶೆ, ಅದೇ ಸಾಕೆ. ತಣ್ಣಗಿದ್ದಾಗ ಚೂಪು, ಸ್ವಲ್ಪ ಕಹಿ, ಬೇಗ ಮುಗಿದುಹೋಗುವ ರುಚಿ. ಕೋಣೆಯ ಉಷ್ಣತೆಯಲ್ಲಿ ಅಕ್ಕಿಯ ವಾಸನೆ ಎದ್ದು ಬಂತು. 40 ಡಿಗ್ರಿಯಲ್ಲಿ ಅನ್ನ ಬೆಂದ ಪಾತ್ರೆಯ ಮುಚ್ಚಳ ತೆಗೆದಾಗಿನ ಆ ಸಿಹಿ, ಬಾಯಿ ತುಂಬ. 50ರಲ್ಲಿ ಸಿಹಿ ಹಿಂದೆ ಸರಿದು ಮತ್ತೆ ಖಡಕ್ ಆಯಿತು, ಎಣ್ಣೆಯ ತಿಂಡಿಯ ಮೇಲೆ ಅದು ಬಾಯನ್ನು ಪೂರ್ತಿ ತೊಳೆದುಬಿಡುತ್ತದೆ. ಬಿಸಿ ಸಾಕೆ ಅಂದರೆ ಕಡಿಮೆ ಬೆಲೆಯ ಸಾಕೆಯ ಕೊರತೆ ಮುಚ್ಚಲು ಮಾಡುವ ಉಪಾಯ ಅಂತ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಆ ಮೇಜಿನ ಮುಂದೆ ಕೂತವರು ಯಾರೂ ಇನ್ನು ಹಾಗೆ ಹೇಳಲಾರರು. ಬಿಸಿ ಸಾಕೆಗೆ ಇನ್ನೊಂದು ಗುಣ ಇದೆ, ಅದನ್ನು ಗಟಗಟ ಕುಡಿಯಲು ಆಗುವುದಿಲ್ಲ. ಒಚೊಕೊ ಅನ್ನುವ ಕಪ್ಪು ಎರಡು ಗುಟುಕಿನಷ್ಟೇ. ಖಾಲಿಯಾದರೆ ನೀವೇ ತುಂಬಿಸಿಕೊಳ್ಳುವ ವಾಡಿಕೆಯಿಲ್ಲ, ಪಕ್ಕದವರು ಹೊಯ್ಯಬೇಕು, ನೀವು ಅವರಿಗೆ ಹೊಯ್ಯಬೇಕು. ಹಿರಿಯರಿಗೆ ಹೊಯ್ಯುವಾಗ ಎರಡೂ ಕೈ. ಅಕ್ಕ ಕುಡಿಯದಿದ್ದರೂ ಹೊಯ್ಯುವ ಕೆಲಸ ಅವಳೇ ವಹಿಸಿಕೊಂಡಳು, ಯಾರ ಕಪ್ಪು ಖಾಲಿ ಅಂತ ನೋಡುತ್ತಿದ್ದಳು, ಆ ಮೇಜಿನ ಯಜಮಾನಿಯೇ ಆಗಿಬಿಟ್ಟಳು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಕೋಳಿಯ ಕರಾಗೆ ಮಾಡಿದೆವು, ಸೋಯಾ, ಸಾಕೆ, ಶುಂಠಿ, ಬೆಳ್ಳುಳ್ಳಿಯಲ್ಲಿ ನೆನೆಸಿ ಎರಡು ಸಲ ಕರಿದದ್ದು. ಅಕ್ಕನಿಗೆ ಬದನೆಕಾಯಿ ದೆಂಗಾಕು, ಅರ್ಧ ಸೀಳಿದ ಬದನೆಗೆ ಸಿಹಿ ಮಿಸೊ ಹಚ್ಚಿ ಸುಟ್ಟದ್ದು. ನಿಜ ಹೇಳಬೇಕೆಂದರೆ ಕರಾಗೆಗಿಂತ ಆ ಬದನೆಕಾಯಿಯೇ ನನಗೆ ರುಚಿಸಿತು. ಜೊತೆಗೆ ಬಂದ ಯಾಮಾಹಾಯ್ ಸಾಕೆಯಲ್ಲಿ ಹುಳಿ ಜಾಸ್ತಿ, ತಾನಾಗಿ ಬೆಳೆಯುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ ಬಂದ ಹುಳಿ, ಮಿಸೊವಿನ ಜೊತೆ ಗಟ್ಟಿಯಾಗಿ ನಿಲ್ಲುತ್ತದೆ. ಕೊನೆಗೆ ಅನ್ನ, ಉಪ್ಪಿನಕಾಯಿ, ಮಿಸೊ ಸೂಪು. ಅಷ್ಟು ಹೊತ್ತಿಗೆ ಹೊರಗೆ ಪೂರ್ತಿ ಕತ್ತಲಾಗಿತ್ತು, ಯಾರಿಗೂ ಮತ್ತೇರಿರಲಿಲ್ಲ. ನೀರಿನ ಲೋಟಗಳನ್ನು ಎಷ್ಟು ಸಲ ತುಂಬಿಸಿದರೋ ಲೆಕ್ಕವಿಲ್ಲ.

ಹೋಗುವವರಿಗೆ ಕೆಲವು ಮಾತು. ಇಂಥ ಕ್ಲಾಸುಗಳಿಗೆ ಒಬ್ಬರಿಗೆ ಸುಮಾರು 8,000ದಿಂದ 15,000 ಯೆನ್ ಆಗುತ್ತದೆ, ಊಟ ಅದರಲ್ಲೇ ಬಂತು. ಜಪಾನಿನಲ್ಲಿ ಕುಡಿಯುವ ವಯಸ್ಸು 20. 2022ರಲ್ಲಿ ವಯಸ್ಕರಾಗುವ ವಯಸ್ಸನ್ನು 18ಕ್ಕೆ ಇಳಿಸಿದರೂ ಇದು ಬದಲಾಗಿಲ್ಲ. ಕ್ಯೋಟೊದಲ್ಲಿ ಬಾಡಿಗೆ ಸೈಕಲ್ಲು ಹಿಡಿದು ಸುತ್ತುವವರು ತುಂಬ, ಕ್ಲಾಸಿಗೆ ಮಾತ್ರ ಸೈಕಲ್ಲಿನಲ್ಲಿ ಹೋಗಬೇಡಿ. ಕುಡಿದು ಸೈಕಲ್ ತುಳಿಯುವುದೂ ಅಲ್ಲಿ ಅಪರಾಧ, 2024ರ ನವೆಂಬರಿನಿಂದ ಶಿಕ್ಷೆ ಇನ್ನೂ ಬಿಗಿಯಾಗಿದೆ.

ಸಸ್ಯಾಹಾರಿಗಳು "ಮಾಂಸ ಬೇಡ" ಅಂತ ಬರೆದರೆ ಸಾಲದು. ಮೀನಿನ ದಾಶಿಯೂ ಬೇಡ ಅಂತ ಬಿಡಿಸಿ ಬರೆಯಿರಿ, ಯಾಕೆಂದರೆ ಅಲ್ಲಿ ತರಕಾರಿಯ ಪಲ್ಯದಲ್ಲೂ, ಮಿಸೊ ಸೂಪಿನಲ್ಲೂ ಅದೇ ಇರುತ್ತದೆ. ಮೊಟ್ಟೆ ತಿನ್ನದವರು ಅದನ್ನೂ ಹೇಳಿ. ಕುಡಿಯದವರು ಅಮಾಝಾಕೆ ಸಿಗುತ್ತದಾ ಅಂತ ಕೇಳಿ.

ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ ನೋಡಿ. ಪುಡಿ ಬಳಸದೆ ದಾಶಿಯನ್ನು ನಮ್ಮ ಕಣ್ಣೆದುರೇ ಮಾಡುತ್ತೀರಾ? ಸಾಕೆಯನ್ನು ಬಿಸಿ ಮಾಡಿಯೂ ಕೊಡುತ್ತೀರಾ? ಎರಡಕ್ಕೂ ಹೌದು ಅನ್ನುವವರ ಹತ್ತಿರ ಹೋಗಿ. ಬರೀ ದುಬಾರಿ ದಾಯ್‌ಗಿಂಜೊಗಳ ಸಾಲು ತೋರಿಸುವ ಕ್ಲಾಸು ನನಗೆ ಬೇಡ, ಒಂದೇ ಜುನ್ಮಾಯ್ ಶೀಶೆಯನ್ನು ನಾಲ್ಕು ಉಷ್ಣತೆಯಲ್ಲಿ ಕುಡಿಸಿ ತೋರಿಸುವವರು ಸಿಕ್ಕರೆ ಇನ್ನೊಮ್ಮೆಯೂ ಹೋಗುತ್ತೇನೆ. ಅಕ್ಕನೂ ಬರುತ್ತಾಳಂತೆ, ಆ ಬದನೆಕಾಯಿಗೆ.